ಜಪಾನಿನ ದಾರಿಯಲ್ಲಿ ತಂಬಿಗೆ ಹಿಡಿದವರು

ತಂಬ್ರಹಳ್ಳಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಮಾರೆಮ್ಮನ ಗಂಟಲು ಆಗಲೇ ಕೆಲಸಕ್ಕೆ ಇಳಿದಿದೆ. ಮೇಲಿನ ಓಣಿಯ ಒಂದೊಂದೇ ಬಾಗಿಲನ್ನು ಅಂಗೈಯಿಂದ ಬಡಿಯುತ್ತಾ ಹೋಗುತ್ತಾರೆ. ಒಳಗಿನಿಂದ 'ಬಂದೆ' ಎಂಬ ಸದ್ದು ಬರುವ ತನಕ ಕೈ ತೆಗೆಯುವುದಿಲ್ಲ. 'ಬಂದೆ' ಅಂದವರು ಮಗ್ಗುಲು ಬದಲಿಸಿ ಮತ್ತೆ ಮುಸುಕೆಳೆಯುತ್ತಾರೆ ಎಂಬುದೂ ಅವರಿಗೆ ಗೊತ್ತು. ಅದಕ್ಕೇ ಓಣಿಯ ತುದಿ ಮುಟ್ಟಿದ ಮೇಲೆ ತಿರುಗಿ ಮೊದಲ ಬಾಗಿಲಿಗೇ ಬರುತ್ತಾರೆ. "ಏಳ್ರೆವ್ವಾ! ನಿಮ್ಮ ಸಕ್ಕರಿ ಕಾಯಿಲಿ ನಿಮಗಿಂತ ಮೊದಲ ಎದ್ದು ಕುಂತೈತಿ!"

ಹೆಂಗಸರು ಕಣ್ಣುಜ್ಜುತ್ತಾ ಹೊರಬರುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತಂಬಿಗೆ. ಮಾರೆಮ್ಮ ಪ್ರತಿ ತಂಬಿಗೆಯೊಳಗೂ ಇಣುಕಿ ನೋಡುತ್ತಾರೆ. ನೀರು ತುಂಬಿದ್ದರೆ ಸರಿ, ಅರ್ಧ ಇದ್ದರೆ ಬೈಗುಳ, ಖಾಲಿ ಇದ್ದರೆ ತಿರುಗಿ ನಲ್ಲಿಯ ಕಡೆಗೆ. "ಖಾಲಿ ತಂಬಿಗಿ ಹಿಡಕೊಂಡು ಬಂದು ಒಮ್ಮಿ ಮಾನ ಕಳಕೊಂಡಿದ್ದು ಸಾಲದೇನು?" ಎಂದು ಗದರುತ್ತಾರೆ. ಮಾನ ಹೋದ ಆ ಕಥೆಗೆ ಆಮೇಲೆ ಬರೋಣ.

ಓಣಿಯ ನಡುವಿನ ಹಸಿರು ಬಾಗಿಲೊಂದು ಮಾತ್ರ ತೆರೆಯುವುದಿಲ್ಲ. ಅದು ಹಂಪಕ್ಕನ ಮನೆ. ಮಾರೆಮ್ಮ ಅಲ್ಲಿ ಉಳಿದೆಲ್ಲ ಮನೆಗಳಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ, ಹೆಚ್ಚು ಜೋರಾಗಿ ಬಡಿಯುತ್ತಾರೆ. ಒಳಗಿನಿಂದ ಕೆಮ್ಮು ಕೇಳಿಸುತ್ತದೆ, ಅಂದರೆ ಎಚ್ಚರವಿದೆ. ಕೆಮ್ಮು ಹೊರಗೆ ಬರುತ್ತದೆ, ಹಂಪಕ್ಕ ಬರುವುದಿಲ್ಲ. "ನಾಳಿಗೂ ಬಡೀತೀನಿ ನೋಡಕ್ಕಾ," ಎಂದು ಬಾಗಿಲಿಗೇ ಹೇಳಿ ಮಾರೆಮ್ಮ ಮುಂದಕ್ಕೆ ಹೋಗುತ್ತಾರೆ. ಮುಖದಲ್ಲಿ ಸಿಟ್ಟಿದೆ. ಅದರ ಕೆಳಗೆ ಹೆದರಿಕೆಯೂ ಇದೆ.

ಮಾರೆಮ್ಮ ಊರಿನ ಆಶಾ ಕಾರ್ಯಕರ್ತೆ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಹಸುಗೂಸುಗಳ ಚುಚ್ಚುಮದ್ದಿನ ದಿನ ನೆನಪಿಸುವುದು, ಕೆಮ್ಮಿನ ರೋಗಿಗಳು ಗುಳಿಗೆ ನುಂಗಿದರೋ ಕಿಟಕಿಯಿಂದಾಚೆ ಎಸೆದರೋ ಎಂದು ಎದುರಿಗೇ ನಿಂತು ನೋಡುವುದು, ಹೀಗೆ ಮೈತುಂಬ ಕೆಲಸ. ಅದರ ಜೊತೆಗೆ ಯಾರೂ ಹೇಳದ, ಯಾರೂ ಕೇಳದ ಇನ್ನೊಂದನ್ನು ತಾವಾಗಿಯೇ ತಲೆಗೆ ಕಟ್ಟಿಕೊಂಡಿದ್ದಾರೆ. ಊರಿನ ಸಕ್ಕರೆ ಕಾಯಿಲೆಯ ಹೆಂಗಸರನ್ನು ಜಪಾನಿನವರ ಹಾಗೆ ಬಾಳಿಸುವುದು. ಇದಕ್ಕೆ ಊರು ಅವರಿಗೆ ಕೊಟ್ಟಿರುವ ಬಿರುದು 'ಜಪಾನ್ ಮಾರಕ್ಕ'. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಅವರಿಗೆ ಮೈಯೆಲ್ಲ ಉರಿಯುತ್ತದೆ.

ಜಪಾನು ತಂಬ್ರಹಳ್ಳಿಗೆ ಬಂದದ್ದು ಒಂದು ತರಬೇತಿಯ ಮೂಲಕ. ಹಗರಿಬೊಮ್ಮನಹಳ್ಳಿಯಲ್ಲಿ ಕಿಟಕಿಗಳಿಗೆಲ್ಲ ಪರದೆ ಎಳೆದು, ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಜಪಾನಿನ ಯಾವುದೋ ದ್ವೀಪ, ಅಲ್ಲಿ ನೂರು ದಾಟಿದ ಅಜ್ಜಿಯೊಬ್ಬಳು ಕುಕ್ಕರುಗಾಲಲ್ಲಿ ಕೂತು ಹಿತ್ತಲಲ್ಲಿ ಕಳೆ ಕೀಳುತ್ತಿದ್ದಾಳೆ. ಮಧ್ಯಾಹ್ನ ಊಟಕ್ಕೆ ಬಿಡುವು ಕೊಟ್ಟಾಗ ಉಳಿದವರೆಲ್ಲ ಪಲಾವು ಚೆನ್ನಾಗಿದೆಯೋ ಇಲ್ಲವೋ ಎಂದು ಮಾತಾಡುತ್ತಿದ್ದರೆ ಮಾರೆಮ್ಮನಿಗೆ ಆ ಅಜ್ಜಿಯ ಕಣ್ಣೇ ಕಣ್ಣಮುಂದೆ. "ಅಷ್ಟು ವಯಸ್ಸಾದ್ರೂ ಸಣ್ಣ ಕಳಿ ಆರಿಸಿ ಆರಿಸಿ ತೆಗೀತಿದ್ಲು ನೋಡ್ರಿ. ನಮ್ಮವ್ವಗ ಐವತ್ತರಾಗ ಕಣ್ಣು ಹೋದ್ವು. ದೆವ್ವ ಬಡದೈತಿ ಅಂದ್ರು, ತಾಯತ ಕಟ್ಟಿಸಿದ್ರು. ಅದು ಸಕ್ಕರಿ ಅಂತ ನನಗ ಗೊತ್ತಾಗಿದ್ದು ಈ ಕೆಲಸಕ್ಕ ಸೇರಿದ ಮ್ಯಾಲ. ಅಷ್ಟೊತ್ತಿಗೆ ಅವ್ವ ಇರಲಿಲ್ಲ." ಇಷ್ಟು ಹೇಳಿ ಮಾರೆಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಕೂಡ್ಲಿಗಿ ಕಡೆಯ ತವರಿನ ಬಗ್ಗೆ ಅವರು ಬೇರೇನೂ ಹೇಳುವುದಿಲ್ಲ.

ಊರಿಗೆ ಬಂದವರೇ ಶಾಲೆಯ ಕಟ್ಟೆಯ ಮೇಲೆ ಹೆಂಗಸರನ್ನು ಕೂರಿಸಿ ಜಪಾನಿನ ಪಾಠ ಶುರು ಮಾಡಿದರು. ಹೊಟ್ಟೆ ಹತ್ತು ಪಾಲಿದ್ದರೆ ಎಂಟು ಪಾಲಿಗೇ ಊಟದಿಂದ ಏಳಬೇಕು. ಹಾಲು ಸಕ್ಕರೆ ಇಲ್ಲದ ಚಹಾ ಕುಡಿಯಬೇಕು. ಒಂದು ಗುಂಪು ಕಟ್ಟಿಕೊಂಡು ಸಾಯುವ ತನಕ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು. ದಿನಾ ನಡೆಯಬೇಕು. ಬೆಳಗ್ಗೆ ಏಳುವುದಕ್ಕೆ ಮನಸ್ಸಿನಲ್ಲಿ ಒಂದು ಕಾರಣ ಇಟ್ಟುಕೊಳ್ಳಬೇಕು. ಕೇಳಲು ಎಷ್ಟು ಸರಳ! ಮಾರೆಮ್ಮ ಕೂಡ ಹಾಗೇ ಅಂದುಕೊಂಡಿದ್ದರು.

ಮೊದಲ ತಕರಾರು ಎಂಟು ಪಾಲಿನದೇ. ಹಂಪಕ್ಕನ ಗಂಡ ಜಂಬಣ್ಣ, ಹೆಂಗಸರ ಸಭೆಗೆ ಕರೆಯದೆಯೂ ಬಂದು ಕಂಬಕ್ಕೆ ಒರಗಿ ನಿಂತಿದ್ದವರು, ಕೇಳಿದರು: "ಎಂಟು ಪಾಲು ತುಂಬೈತಂತ ಹೆಂಗ ಗೊತ್ತಾಗಬೇಕವ್ವಾ? ಹತ್ತು ತುಂಬಿದ ಮ್ಯಾಲ ತಾನ ಎಂಟು ಎಲ್ಲಿತ್ತು ಅಂತ ತಿಳಿಯೋದು?" ಆದರೂ ಜಂಬಣ್ಣ ವ್ರತ ಹಿಡಿದರು. ಮನೆಯಲ್ಲಿ ಎಂಟು ಪಾಲು ಉಂಡು ಕೈ ತೊಳೆಯುತ್ತಾರೆ. ಉಳಿದ ಎರಡು ಪಾಲಿಗೆ ಸಂಜೆ ಬಸ್‌ಸ್ಟ್ಯಾಂಡಿನ ಮಂಡಕ್ಕಿ ಮಿರ್ಚಿ. ಹೆಂಗಸರ ಕಥೆ ಇನ್ನೊಂದು ಥರ. ತಟ್ಟೆಯಲ್ಲಿ ಎರಡು ತುತ್ತು ಬಿಟ್ಟು ಎದ್ದರು, ಅನ್ನ ಚೆಲ್ಲಬಾರದಲ್ಲ ಎಂದು ಪಾತ್ರೆ ತೊಳೆಯುವ ಮುಂಚೆ ಅದನ್ನೇ ಬಾಯಿಗೆ ಹಾಕಿಕೊಂಡರು. "ಇವರಿಗೆ ಹೇಳೋದಕ್ಕಿಂತ ಆ ಕಂಬಕ್ಕ ಹೇಳಿದ್ರ ಕಂಬ ಸಣ್ಣಾಗತಿತ್ತು," ಎನ್ನುತ್ತಾರೆ ಮಾರೆಮ್ಮ.

ಚಹಾದ ವಿಷಯ ಬಂದಾಗ ಹಂಪಕ್ಕ ಖಡಾಖಂಡಿತ. "ಸಕ್ಕರಿ ಇಲ್ಲದ್ದು ಚಾ ಹೆಂಗಾತು? ಕಷಾಯ ಅನ್ನು." ಮಾರೆಮ್ಮ ತಮ್ಮ ಕೈಯಿಂದಲೇ ಹಸಿರು ಚಹಾದ ಪೊಟ್ಟಣ ತಂದು ಕೊಟ್ಟರೆ, ಹಂಪಕ್ಕ ಅದನ್ನು ಎಮ್ಮೆ ಹಾಲಿನಲ್ಲಿ ಕುದಿಸಿ, ಸಕ್ಕರೆ ಸುರಿದು, ಒಂದು ಗುಟುಕು ಕುಡಿದು ಹಿತ್ತಲಿಗೆ ಚೆಲ್ಲಿದರು. ಮಾರೆಮ್ಮನಿಗೆ ಮಾತ್ರ ಎಂದಿನ ಚಹಾ ಕೊಟ್ಟರು. ಜಗಲಿಯ ಮೇಲೆ, ಕಿಟಕಿಯ ಸರಳಿನ ಪಕ್ಕ ಬೇರೆಯಾಗಿ ಬೋರಲು ಹಾಕಿಟ್ಟಿರುವ ಲೋಟದಲ್ಲಿ. ಕುಡಿದ ಮೇಲೆ ಅದನ್ನು ತೊಳೆದು ಅಲ್ಲೇ ಬೋರಲು ಹಾಕುವುದು ಮಾರೆಮ್ಮನದೇ ಕೆಲಸ. ವರ್ಷಗಳಿಂದ ಹೀಗೇ ನಡೆದಿದೆ. ಆ ಲೋಟದ ಬಗ್ಗೆ ಕೇಳಿದರೆ ಅವರು ಮಾತು ತಿರುಗಿಸುತ್ತಾರೆ. "ಅದ್ಯಾಕ್ರಿ ಈಗ? ಸಕ್ಕರಿ ಬಗ್ಗಿ ಬರೀರಿ."

ಬೆಳಗ್ಗೆ ಏಳುವ ಕಾರಣದ ಪಾಠವಂತೂ ಪೂರಾ ಎಕ್ಕುಟ್ಟಿ ಹೋಯಿತು. ಯಾಕೆ ಏಳುತ್ತೀರಿ ಎಂದರೆ ಒಬ್ಬಾಕೆ ಎಮ್ಮೆ ಒದರುತ್ತದೆ ಎಂದಳು. ಇನ್ನೊಬ್ಬಾಕೆ ಸೊಸೆ ಏಳುವುದಿಲ್ಲವಲ್ಲ ಎಂದಳು. ಮಾರೆಮ್ಮ ತಾಳ್ಮೆ ತಂದುಕೊಂಡು ಹಂಪಕ್ಕನ ಕಡೆ ತಿರುಗಿದರು. ಹಂಪಕ್ಕ ಹಳೆಯ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುವುದರಲ್ಲಿ ಊರಿಗೇ ಎತ್ತಿದ ಕೈ. ಹುಟ್ಟುವ ಕೂಸುಗಳಿಗೆಲ್ಲ ಅವರ ಕೌದಿಯೇ ಬೇಕು. ಕೌದಿಗಾಗಿ ಏಳುತ್ತೇನೆ ಎಂದಾದರೂ ಹೇಳುತ್ತಾರೆಂದು ಆಸೆ. ಹಂಪಕ್ಕ ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ ಹೇಳಿದ್ದು ಇಷ್ಟೇ: "ನೀ ಬಂದು ಬಾಗಿಲು ಬಡೀತಿಯಲ್ಲ ಮಾರೆವ್ವ, ಅದಕ್ಕ ಏಳ್ತೀನಿ. ಇಲ್ಲಂದ್ರ ನಾ ಯಾಕ ಏಳಲಿ?" ಕಟ್ಟೆಯೆಲ್ಲ ಗೊಳ್ಳೆಂದಿತು. ಮಾರೆಮ್ಮ ಚಪ್ಪಲಿ ಮೆಟ್ಟಿ ಸೀದಾ ಮನೆಗೆ ಹೋದರು.

ಆದರೆ ಬಡಿಯುವುದನ್ನು ಬಿಡಲಿಲ್ಲ. ಯಾಕೆಂದರೆ ಹಂಪಕ್ಕನ ಕಣ್ಣು ಆಗಲೇ ಮಂಜಾಗತೊಡಗಿತ್ತು. ಸೂಜಿಗೆ ದಾರ ಪೋಣಿಸಲು ಹಾದಿಯಲ್ಲಿ ಹೋಗುವ ಹುಡುಗಿಯರನ್ನು ಕರೆಯುತ್ತಿದ್ದರು. ಮಾರೆಮ್ಮನೇ ಬಸ್ಸು ಹತ್ತಿಸಿಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಸಕ್ಕರೆ ಹೀಗೇ ಏರುತ್ತಿದ್ದರೆ ಕಣ್ಣಿನ ಹಿಂದಿನ ನರ ಕೆಡುತ್ತದೆ, ಆಮೇಲೆ ಯಾವ ಕನ್ನಡಕವೂ ನಡೆಯುವುದಿಲ್ಲ. ಗುಳಿಗೆ ತಪ್ಪಬಾರದು, ಸಿಹಿ ಬಿಡಬೇಕು, ದಿನಾ ನಡೆಯಬೇಕು. ತಿರುಗಿ ಬರುವಾಗ ಬಸ್ಸಿನಲ್ಲಿ ಮಾರೆಮ್ಮನಿಗೆ ಅವ್ವನ ನೆನಪಾಯಿತು.

ನಡೆಯುವುದು ಅಂದರೆ ಏನು ಮಹಾ ಎಂದು ಪೇಟೆಯವರು ಕೇಳಬಹುದು. ಈ ಊರಿನಲ್ಲಿ ಹೆಂಗಸು ಸುಮ್ಮನೆ ನಡೆಯುವಂತಿಲ್ಲ. ಎದುರು ಬಂದವರೆಲ್ಲ 'ಎಲ್ಲಿಗೆ ಹೊಂಟೀರಿ?' ಅನ್ನುತ್ತಾರೆ, ಅದಕ್ಕೆ ಒಂದು ಊರಿನ ಹೆಸರೋ ಹೊಲದ ಹೆಸರೋ ಹೇಳಬೇಕು. 'ಎಲ್ಲಿಗೂ ಇಲ್ಲ, ಸುಮ್ನ ಹೋಗಿ ಸುಮ್ನ ಬರ್ತೀವಿ' ಎಂದರೆ ತಲೆ ಕೆಟ್ಟಿದೆಯೋ, ಮನೆಯಲ್ಲಿ ಜಗಳವೋ ಎಂದು ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ. ಹೆಂಗಸರು ಇದಕ್ಕೆ ತಾವೇ ಉಪಾಯ ಕಂಡುಕೊಂಡರು. ಕೈಯಲ್ಲೊಂದು ಖಾಲಿ ತಂಬಿಗೆ. ನಸುಕಿನಲ್ಲಿ ತಂಬಿಗೆ ಹಿಡಿದ ಹೆಂಗಸನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಮನೆಮನೆಗೂ ಪಾಯಖಾನೆ ಬಂದು ಎಷ್ಟೋ ಕಾಲವಾಗಿದೆ, ಆ ಮರ್ಯಾದೆ ಮಾತ್ರ ಹಾಗೇ ಉಳಿದಿದೆ. "ತಂಬಿಗಿ ಬಿಟ್ಟು ಬರ್ರೆ ಅಂತ ಕೈ ಮುಗುದೆ, ಕಾಲು ಹಿಡಿದೆ. ಊಹೂಂ! ಜಪಾನಿನಾಗ ಯಾರರ ತಂಬಿಗಿ ಹಿಡಕೊಂಡು ವಾಕಿಂಗ್ ಮಾಡ್ತಾರೇನ್ರಿ?" ಎಂದು ಮಾರೆಮ್ಮ ಹಣೆ ಚಚ್ಚಿಕೊಳ್ಳುತ್ತಾರೆ.

ಆಗಬಾರದ್ದು ಆಗಿಯೇ ಆಯಿತು. ಊರೂರು ತಿರುಗಿ ಬಯಲಿಗೆ ಹೋಗುವವರನ್ನು ತಡೆಯುವ ತಂಡವೊಂದು ಅವತ್ತು ನಸುಕಿನಲ್ಲೇ ಬಂದು ಜಾಲಿ ಗಿಡದ ಮರೆಯಲ್ಲಿ ಕಾಯುತ್ತಿತ್ತು. ಸಾಲಾಗಿ ತಂಬಿಗೆ ಹಿಡಿದು ಬಿರಬಿರನೆ ಬರುತ್ತಿರುವ ಹೆಂಗಸರನ್ನು ಕಂಡು ಅವರಿಗೆ ಹಬ್ಬ. ಪೀಪಿ ಊದಿದರು. ಮೊಬೈಲಿನಲ್ಲಿ ಫೋಟೋ ಹೊಡೆದರು. "ಮನೇಲಿ ಶೌಚಾಲಯ ಇಟ್ಕೊಂಡು ಬಯಲಿಗೆ ಬರ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಸಾಹೇಬರೊಬ್ಬರು ರಸ್ತೆಯ ನಡುವೆ ನಿಂತು ಭಾಷಣ ಬಿಗಿದರು. ಮೊದಲ ಬಸ್ಸಿಗೆ ಕಾಯುತ್ತಿದ್ದ ಗಂಡಸರೆಲ್ಲ ನಿಂತು ನೋಡಿ ನಕ್ಕರು. ಸಾಲಿನ ಮುಂದೆ ಇದ್ದದ್ದು ಹಂಪಕ್ಕ. ಓಣಿಯಲ್ಲಿ ಎಲ್ಲರಿಗಿಂತ ಮೊದಲು ಪಾಯಖಾನೆ ಕಟ್ಟಿಸಿದ್ದು ಇದೇ ಹಂಪಕ್ಕ. ತಾವೇ ಇಟ್ಟಿಗೆ ಹೊತ್ತಿದ್ದರು, ಬಯಲಿಗೆ ಹೋಗುವವರನ್ನು ಜಗಲಿಯ ಮೇಲೆ ನಿಂತು ಬೈಯುತ್ತಿದ್ದರು. ಫೋಟೋದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಣುವುದೂ ಅವರ ಮುಖವೇ. ಅದು ಮಿರ್ಚಿ ಅಂಗಡಿಯಲ್ಲಿ ಜಂಬಣ್ಣನ ಕೈಗೂ ಬಂತು.

ಮಾರೆಮ್ಮ ಅದೇ ದಿನ ಸಾಹೇಬರನ್ನು ಹುಡುಕಿಕೊಂಡು ಹೋಗಿ ಜಗಳ ತೆಗೆದರು. ಅವರು ಬಯಲಿಗೆ ಹೋಗುತ್ತಿರಲಿಲ್ಲ, ಜಪಾನಿನವರಂತೆ ವಾಕಿಂಗ್ ಮಾಡುತ್ತಿದ್ದರು ಎಂದು ವಿವರಿಸಿದರು. ಸಾಹೇಬರು ಎಲ್ಲ ಕೇಳಿ, "ಹಾಗಾದ್ರೆ ಕೈಯಲ್ಲಿ ತಂಬಿಗೆ ಯಾಕಮ್ಮ?" ಎಂದರು. "ಅಂವ ಕೇಳಿದ್ದರಾಗ ತಪ್ಪಿಲ್ರಿ," ಎನ್ನುತ್ತಾರೆ ಮಾರೆಮ್ಮ. "ತಪ್ಪಿಲ್ಲ ಅಂತ ಗೊತ್ತಾಗಿ ನನಗ ಇನ್ನಾ ಸಿಟ್ಟು ಬಂತು."

ಮರುದಿನದಿಂದ ಹಸಿರು ಬಾಗಿಲು ತೆರೆಯಲಿಲ್ಲ. "ನಿನ್ನ ಜಪಾನು ನನ್ನ ಮಾನ ಕಳೀತು. ಕಣ್ಣು ಹೋದ್ರ ಹೋಗ್ಲಿ, ಊರಾಗ ಮುಖ ಎತ್ತಾಕ ಆಗವಲ್ದು," ಎಂದು ಹಂಪಕ್ಕ ಒಳಗಿನಿಂದಲೇ ಹೇಳಿ ಮುಗಿಸಿದರು. ಆಮೇಲೆ ಬರೀ ಕೆಮ್ಮು. ಮಾರೆಮ್ಮ ಗುಳಿಗೆಯನ್ನು ಜಂಬಣ್ಣನ ಕೈಗೆ ಕೊಟ್ಟು ಬರುತ್ತಾರೆ. ನುಂಗುತ್ತಾರೋ ಇಲ್ಲವೋ ಎಂದು ಕೇಳಿದರೆ ಜಂಬಣ್ಣ ಆಕಾಶ ನೋಡುತ್ತಾರೆ. ಅರ್ಧ ಹೊಲಿದ ಕೌದಿಯೊಂದು ಸೂಜಿ ಚುಚ್ಚಿದಂತೆಯೇ ಮಡಚಿ ಪೆಟ್ಟಿಗೆಯ ಮೇಲೆ ಕೂತಿದೆಯಂತೆ.

ಉಳಿದವರೂ ಇದೇ ನೆಪದಲ್ಲಿ ಮುಸುಕೆಳೆದರು. ಸಿಟ್ಟಿನ ಭರದಲ್ಲೇ ಮಾರೆಮ್ಮನಿಗೆ ದಾರಿ ಹೊಳೆಯಿತು. ತಂಬಿಗೆ ಬಿಡುವುದಿಲ್ಲವೋ, ಬಿಡಬೇಡಿ, ನೀರು ತುಂಬಿರಿ! ಅರಣ್ಯ ಇಲಾಖೆಯವರ ಬಳಿ ಗೋಗರೆದು ಹೊಂಗೆ, ಬೇವಿನ ಸಸಿ ತಂದು ಹಗರಿಬೊಮ್ಮನಹಳ್ಳಿ ರಸ್ತೆಯ ಬದಿಗೆ ನೆಟ್ಟರು. ಈಗ ಎಲ್ಲಿಗೆ ಹೊಂಟೀರಿ ಎಂದರೆ 'ಗಿಡಕ್ಕ ನೀರು ಹಾಕಾಕ' ಎಂದು ತಲೆಯೆತ್ತಿ ಹೇಳಬಹುದು. ಆದರೆ ಇಲ್ಲೂ ಇವರ ಆಟ ಕೇಳಬೇಕು. ಮೊದಲ ಸಸಿಯ ಬುಡಕ್ಕೆ ನೀರು ಸುರಿದವರೇ ಅಲ್ಲೇ ಮೋರಿಯ ಮೇಲೆ ಕೂತು ಸೊಸೆಯಂದಿರ ಪುರಾಣ ಬಿಚ್ಚಿದರು. ಮಾರೆಮ್ಮ ಯಾರಿಗೂ ಹೇಳದೆ ಮುಂದಿನ ಸಸಿಯನ್ನು ಇನ್ನಷ್ಟು ದೂರಕ್ಕೆ ನೆಟ್ಟರು. ಅದು ಬೇರು ಬಿಟ್ಟ ಮೇಲೆ ಅದಕ್ಕಿಂತ ದೂರಕ್ಕೆ ಇನ್ನೊಂದು. "ಹಿಂಗ ಹೋದ್ರ ನಮ್ಮನ್ನ ಕೊಟ್ಟೂರು ಮುಟ್ಟಿಸ್ತಾಳ ಈಕಿ," ಎಂದು ಹೆಂಗಸರು ಗೊಣಗುತ್ತಾರೆ. ಗೊಣಗುತ್ತಲೇ ಹೋಗುತ್ತಾರೆ. ಒಂದೆರಡು ಸಸಿಯನ್ನು ಮೇಕೆ ತಿಂದಾಗ ಮೇಕೆಯ ಒಡೆಯನಿಗೆ ಮಾರೆಮ್ಮನಿಗಿಂತ ಮೊದಲು ಬೈದವರೂ ಇವರೇ.

ಇಷ್ಟೆಲ್ಲ ಆದ ಮೇಲೆ ನಿಮಗೇನು ಬೇಕು ಎಂದು ಕೇಳಿದರೆ ಮಾರೆಮ್ಮ ಯೋಚನೆಯನ್ನೂ ಮಾಡುವುದಿಲ್ಲ. "ಒಂದಿನ ಬಿಸಲೇರೋತನಕ ಮಲಗಬೇಕ್ರಿ. ನಾ ಬಡೀದಿದ್ರೂ ಇವು ತಾವ ಎದ್ದು ಹೋಗಬೇಕು. ಅಷ್ಟ ಸಾಕು. ನೂರು ವರ್ಷ ಯಾರಿಗೆ ಬೇಕಾಗೈತಿ!"

ಮಲಗುವ ದಿನವೇನೋ ಬರುತ್ತದೆ, ಜ್ವರದ ರೂಪದಲ್ಲಿ. ಊರಿಗೆಲ್ಲ ಗುಳಿಗೆ ಹಂಚುವ ಮಾರೆಮ್ಮ ತಾವೇ ಒಂದು ಗುಳಿಗೆ ನುಂಗಿ, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕಂಬಳಿ ಹೊದ್ದು ಬಿದ್ದುಕೊಂಡಿದ್ದಾರೆ. ಹೊರಗೆ ನಸುಕು. ಮೇಲಿನ ಓಣಿಯಲ್ಲಿ ಇವತ್ತು ಯಾವ ಬಾಗಿಲೂ ಸದ್ದು ಮಾಡಿಲ್ಲ. ಎಲ್ಲರೂ ಹಾಯಾಗಿ ಗೊರಕೆ ಹೊಡೆಯುತ್ತಿರುತ್ತಾರೆ ಎಂದು ಹೊಟ್ಟೆಯುರಿಯಿಂದಲೇ ಕಣ್ಣು ಮುಚ್ಚುತ್ತಾರೆ.

ಆಗ ಅವರ ಬಾಗಿಲನ್ನೇ ಯಾರೋ ಬಡಿಯುತ್ತಾರೆ. ಮೆಲ್ಲಗೆ ಅಲ್ಲ, ಮುರಿಯುವ ಹಾಗೆ. ಸೊಸೆ ಪ್ರಿಯಾ ಹೋಗಿ ಅಗಳಿ ತೆಗೆದವಳು ಅಲ್ಲೇ ನಿಂತುಬಿಡುತ್ತಾಳೆ. ಹೊಸ್ತಿಲಾಚೆ ಹಂಪಕ್ಕ. ಕೈಯಲ್ಲಿ ನೀರು ತುಳುಕುವ ತಂಬಿಗೆ. ಅವರ ಹಿಂದೆ ತಂಬಿಗೆ ಹಿಡಿದ ಉಳಿದ ಹೆಂಗಸರು. ಊರ ಕೊನೆಯ ಈ ಓಣಿಗೆ ಹಂಪಕ್ಕ ಇವತ್ತಿನ ತನಕ ಕಾಲಿಟ್ಟವರಲ್ಲ. ಕರೆದಾಗಲೆಲ್ಲ 'ಕಾಲುನೋವು, ಅಷ್ಟು ದೂರ ಆಗವಲ್ದು' ಎನ್ನುತ್ತಿದ್ದರು. ಅಡ್ಡ ಬರುತ್ತಿದ್ದದ್ದು ಕಾಲುನೋವಲ್ಲ ಎಂಬುದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು.

"ಏನವ್ವಾ ನೀನು? ಮನಷ್ಯಾಳೋ ಅಲ್ಲೋ?" ಎಂದು ಹಂಪಕ್ಕ ನಿಂತಲ್ಲಿಂದಲೇ ಶುರು ಮಾಡುತ್ತಾರೆ. "ಇಷ್ಟು ದಿನ ಬಡಿದಿ. ನಾ ಬೈದ್ರೂ ಬಡಿದಿ, ಬಾಗಿಲು ತೆಗೀದಿದ್ರೂ ಬಡಿದಿ. ಇವತ್ತ್ಯಾಕ ಬಡಿಲಿಲ್ಲ? ಎದ್ದು ಕುಂತು ಕಾದೆ, ಕಾದೆ. ನನಗ ಎಂಥಾ ಸಿಟ್ಟು ಬಂತು ಗೊತ್ತೇನು? ಇವರ ಬಾಗಿಲೆಲ್ಲ ನಾನ ಬಡದು ಎಬ್ಬಿಸಿಕೊಂಡು ಬಂದೀನಿ."

"ಜ್ವರ ಅಕ್ಕಾ," ಎನ್ನುತ್ತಾರೆ ಮಾರೆಮ್ಮ ಕಂಬಳಿಯೊಳಗಿನಿಂದ.

"ಯಾಕ, ಜಪಾನಿನಾಗ ಜ್ವರ ಬರಂಗಿಲ್ಲೇನು?" ಹಂಪಕ್ಕ ಹೊಸ್ತಿಲು ದಾಟುತ್ತಾರೆ. ತಂಬಿಗೆಯನ್ನು ಗೋಡೆಯ ಬದಿಗಿಟ್ಟು, ಕತ್ತಲೆಗೆ ಹೊಂದಿಕೊಳ್ಳಲು ಕಣ್ಣು ಕಿರಿದು ಮಾಡಿ, ತಡವರಿಸಿ ಹುಡುಕಿ ಮಾರೆಮ್ಮನ ಹಣೆಯ ಮೇಲೆ ಕೈ ಇಡುತ್ತಾರೆ. "ಸುಡಾಕತ್ತೈತಲ್ಲೇ! ಆತು, ಇವತ್ತೊಂದಿನ ಮಲಗು. ಗಿಡ ನಾವು ನೋಡಿಕೋತೀವಿ. ಆ ಕೊನೀ ಗಿಡ ಎಲ್ಲಿ ನೆಟ್ಟಿ, ಅಷ್ಟು ಹೇಳು. ನನ್ನ ಕಣ್ಣಿಗೆ ದೂರದ್ದು ಕಾಣವಲ್ದು."

ಪ್ರಿಯಾಗೆ ಏನು ಮಾಡಬೇಕೋ ತೋಚದೆ, ಬಾಯಿಗೆ ಬಂದದ್ದನ್ನು ಕೇಳಿಬಿಡುತ್ತಾಳೆ. "ಚಾ ಕುಡೀತೀರೇನ್ರಿ ಅಮ್ಮಾರ?" ಹೊರಗಿನ ಹೆಂಗಸರು ಕತ್ತು ಚಾಚಿ ಹಂಪಕ್ಕನನ್ನು ನೋಡುತ್ತಾರೆ. ಕೇಳಬಾರದ್ದನ್ನು ಕೇಳಿದೆನೋ ಎಂದು ಪ್ರಿಯಾ ಅತ್ತೆಯ ಮುಖ ನೋಡುತ್ತಾಳೆ. ಹಂಪಕ್ಕ ಚಾಪೆಯನ್ನು ಕೈಯಿಂದ ತಡವಿ ನೋಡಿ, ಸೊಂಟ ಹಿಡಿದುಕೊಂಡು ಮಾರೆಮ್ಮನ ಪಕ್ಕ ಕೂರುತ್ತಾರೆ.

"ಕಾಸವ್ವಾ," ಎನ್ನುತ್ತಾರೆ. "ಸಕ್ಕರಿ ಹಾಕಬ್ಯಾಡ."

ಮಾರೆಮ್ಮ ಕಂಬಳಿಯನ್ನು ಮುಖದ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಒಳಗಿನಿಂದ ದನಿ ಮಾತ್ರ ಕೇಳಿಸುತ್ತದೆ. "ಇಷ್ಟು ದಿನ ಬಾಯಿ ಬಡಕೊಂಡೆ. ಈಗ ಹೇಳ್ತಾಳ ನೋಡ್ರಿ, ಈಗ."